ಅತ್ತಿಗೆಯ ಪಾಲಿನ ತೆನೆ

ಬೆಳಿಗ್ಗೆ ಆರಕ್ಕೆ ಹಾಸನ ಬಿಟ್ಟ ಬಸ್ಸು ಸಕಲೇಶಪುರದಲ್ಲಿ ಇಡ್ಲಿಗೆ ನಿಂತಿತು. ಪಕ್ಕದಲ್ಲಿ ಅತ್ತಿಗೆ ಶಶಿಕಲಾ. ನನ್ನ ಅಣ್ಣ ಅವರನ್ನು ರಿಜಿಸ್ಟರ್ ಮದುವೆಯಾಗಿ, ವರ್ಷ ತುಂಬುವ ಮೊದಲೇ ಕೆಲಸಕ್ಕೆಂದು ಕುವೈತಿಗೆ ಹೋಗಿದ್ದ. ಅವರು ಬಂಟರ ಮನೆಯವರು, ನಾವು ಕ್ರೈಸ್ತರು. ಮಂಗಳೂರಿನ ನಮ್ಮ ಮನೆಯಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ. ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ನಾನು ಹೊರಟಾಗ, "ನಾನೂ ಬರ್ತೇನೆ ಫೆಲಿಕ್ಸ್. ಎಷ್ಟು ದಿನ ಹೀಗೆ?" ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ.

ಶಿರಾಡಿ ಘಾಟಿಯ ಹೊಂಡಗಳಲ್ಲಿ ಬಸ್ಸು ಎತ್ತಿ ಹಾಕಿದಷ್ಟೂ ನನ್ನ ಅಳುಕು ಹೆಚ್ಚಿತು. ಮದುವೆಯ ಸುದ್ದಿಗೆ ಚಿಕ್ಕಪ್ಪ ಕೂಗಾಡಿದ್ದರು. ಅಮ್ಮ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನು ನಾನು ಸಿಟ್ಟೆಂದೇ ತಿಳಿದಿದ್ದೆ.

ಮಂಗಳೂರಿನ ನಂತೂರು ವೃತ್ತದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಲಾರಿಗಳ ಗದ್ದಲದ ನಡುವೆ ಹೇಳಿಯೇಬಿಟ್ಟೆ.

"ಅತ್ತಿಗೆ, ಇವತ್ತು ಮನೆ ತುಂಬ ಜನ. ನೀವು ನನ್ನ ಆಫೀಸಿನವರು ಅಂತ ಹೇಳ್ತೇನೆ. ಮತ್ತೆ ನೋಡುವ."

ಅವರು ಕರಿಮಣಿ ಸರವನ್ನು ರವಿಕೆಯೊಳಗೆ ಸೇರಿಸಿಕೊಂಡರು. ಹಾಸನದ ಇಗರ್ಜಿಯಲ್ಲಿ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಹೊಸಬರ ಕೈಕುಲುಕಿ ಒಳಗೆ ಕರೆಯುವ ಮಹಾನುಭಾವ ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮನೆ ಮುಟ್ಟಿದಾಗ, ಇವರು ನಮ್ಮ ಆಫೀಸಿನವರು ಎಂದೆ. "ಎಂತ ಬಾಗಿಲಲ್ಲೇ ನಿಂತದ್ದು? ಒಳಗೆ ಬನ್ನಿ," ಎಂದು ಅಮ್ಮ ಅತ್ತಿಗೆಗೆ ತಲೆ ಒರೆಸಲು ಟವೆಲ್ ಕೊಟ್ಟರು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿದ ಮೇಲೆಯೇ ನಮ್ಮಲ್ಲಿ ಹಬ್ಬದ ಊಟ. ದೂರದಲ್ಲಿರುವವರ ಪಾಲನ್ನು ತೆಗೆದಿಟ್ಟು ಕಳಿಸುವುದೂ ರೂಢಿ. ಅಮ್ಮ ಹಿರಿಯರಿಂದ ಕಿರಿಯರವರೆಗೆ ಹಂಚಿದರು. ಅದು ಮನೆಯವರಿಗೆ ಮಾತ್ರ. ಅತ್ತಿಗೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಬಳಿಕ ಎಲ್ಲರಿಗೂ ಬಾಳೆಲೆ ಊಟ. ಅಂದು ಮೀನು ಮಾಂಸವಿಲ್ಲ. ಕೆಸುವಿನ ದಂಟು, ಬೆಂಡೆ, ಹೆಸರುಬೇಳೆ ಪಾಯಸ. ನನಗೆ ಯಾವುದೂ ರುಚಿಸಲಿಲ್ಲ.

ಎಲೆ ಎತ್ತಿದ ಮೇಲೆ ಅಮ್ಮ ಒಂದು ಪುಟ್ಟ ಕಾಗದದ ಪೊಟ್ಟಣ ತಂದು ಅತ್ತಿಗೆಯ ಮುಂದೆ ಹಿಡಿದರು.

"ನೀವು ಹಾಸನದಿಂದ ಅಲ್ವಾ? ಅಲ್ಲಿ ನನ್ನ ದೊಡ್ಡ ಸೊಸೆ ಇದ್ದಾಳೆ. ಇದು ಅವಳ ಪಾಲಿನ ತೆನೆ. ಇವನ ಕೈಯಲ್ಲಿ ಕೊಟ್ಟರೆ ಮರೀತಾನೆ, ನೀವು ಮುಟ್ಟಿಸಿ. ಬರುವ ವರ್ಷ ಅವಳೇ ಬರ್ಲಿ ಅಂತ ಹೇಳಿ."

ಚಿಕ್ಕಪ್ಪ ಮುಖ ತಿರುಗಿಸಿದರು. ಈಗಲಾದರೂ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಅತ್ತಿಗೆ ಪೊಟ್ಟಣ ಬಿಚ್ಚಿ ಕಾಳುಗಳನ್ನು ಸುಲಿದು ಬಾಯಿಗೆ ಹಾಕಿಕೊಂಡರು. ಕರಿಮಣಿಯನ್ನು ಹೊರಗೆಳೆದು, "ಮುಟ್ಟಿತು ಅಮ್ಮ," ಎಂದರು.

ಅಮ್ಮ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನನ್ನು ಎಂತ ಅಂತ ಗ್ರಹಿಸಿದ್ದು ಮಾರಾಯ ನೀನು?"



ಮರುದಿನ ಹಾಸನದ ಬಸ್ಸಿಗೆ ಒಬ್ಬನೇ ಹತ್ತಿದೆ. ಸೊಸೆಯನ್ನು ಈ ವಾರವಂತೂ ಕಳಿಸುವುದಿಲ್ಲವೆಂದು ಅಮ್ಮ ಹೇಳಿದ್ದರು. ನನಗೆ, ಇನ್ನೊಂದು ದಿನ ಇದ್ದು ಹೋಗು ಎನ್ನಲಿಲ್ಲ.