ಮಗುವಿನ ಮುಖ ಕಾಣುವಷ್ಟು ಹೊಳಪು

ಮಾವನಿಗೆ ಕಣ್ಣು ಕಾಣುತ್ತಿಲ್ಲವೇನೋ ಎಂಬ ಅನುಮಾನ ಇಂದ್ರಾಣಿಯ ತಲೆಗೆ ಹೊಕ್ಕಿದ್ದು ಊಟದ ತಟ್ಟೆಯ ಮುಂದೆ. ದಿನಾ ಸಾರಿನ ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿನಲ್ಲಿ ಸಾಲಾಗಿ ಇಡುತ್ತಿದ್ದ ಮರಿಯಯ್ಯ ಅಂದು ಕರಿಬೇವನ್ನೂ ಒಣಮೆಣಸಿನಕಾಯಿಯನ್ನೂ ಅನ್ನದ ಜೊತೆ ಕಲೆಸಿ ನುಂಗಿದರು. ಕೆಮ್ಮಿದರು, ನೀರು ಕುಡಿದರು, ಏನೂ ಆಗದವರಂತೆ ಎದ್ದು ಹಿತ್ತಲ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಪಾಲಿಶ್ ಮೋಟಾರು ಗುಂಯ್ ಎಂದಿತು. ಅವಳ ಎರಡು ವರ್ಷದ ಮಗಳು ಗೌತಮಿ "ತಾತಾ" ಎನ್ನುತ್ತ ಆ ಸದ್ದಿನ ಕಡೆಗೇ ಓಡಿದಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಲೋಹ ಉಜ್ಜಿ ಹೊಳಪು ಬರಿಸಲು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುವ ಬಟ್ಟೆಯ ಚಕ್ರ, ಅದರ ಮುಂದೆ ಬಹುಶಃ ಕಣ್ಣೇ ಕಾಣದ ಮುದುಕ, ಅವರ ಪಂಚೆ ಹಿಡಿದು ನಿಂತ ಮಗು. ಪಾತ್ರೆ ತೊಳೆಯುವಾಗಲೂ ಬಟ್ಟೆ ಒಣಹಾಕುವಾಗಲೂ ಕಣ್ಣ ಮುಂದೆ ಇದೇ ಚಿತ್ರ. ಯಾರಿಗೆ ಹೇಳುವುದು? ಮೈಸೂರಿನಲ್ಲಿ ಓದಿ ನಂಜನಗೂಡಿಗೆ ಸೊಸೆಯಾಗಿ ಬಂದವಳು ಅವಳು. ನೀರು ಕುದಿಸದೆ ಕುಡಿಸಬಾರದು, ಮಗುವಿನ ತೂಕ ತಿಂಗಳು ತಿಂಗಳೂ ನೋಡಬೇಕು ಎಂದು ಬಂದ ದಿನದಿಂದ ಎಲ್ಲದಕ್ಕೂ ಹೆದರಿ ಹೆದರಿ ತನ್ನ ಹೆದರಿಕೆಗೆ ಬೆಲೆಯೇ ಇಲ್ಲದಂತೆ ಮಾಡಿಕೊಂಡಿದ್ದಳು.

"ನಿಂದು ದಿನಕ್ಕೊಂದು ಭಯ ಕನವ್ವ," ಎಂದರು ಅತ್ತೆ ಪಾಪಮ್ಮ, ರಾಗಿ ಕೇರುವುದನ್ನು ನಿಲ್ಲಿಸದೆ. "ಮೊನ್ನೆ ರಸಬಾಳೆ ತಿಂದ್ರೆ ಮಗೀಗೆ ಸೀತ ಆಯ್ತದೆ ಅಂದೆ. ಆಚೆಮೊನ್ನೆ ಗ್ವಾಡೆ ಹಲ್ಲಿ ಕಚ್ತದೆ ಅಂದೆ. ಇವತ್ತು ನಿಮ್ಮಾವನ ಕಣ್ಣಾ? ಆ ಕಣ್ಣು ನನ್ನ ತಲೇಲಿರೋ ಬಿಳೀಕೂದ್ಲ ಈಗ್ಲೂ ಎಣಿಸ್ತದೆ."

ಗಂಡ ಸಿದ್ದು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವನು ಚಾಪೆಯ ಮೇಲೆ ಒರಗಿದಲ್ಲಿಂದಲೇ, "ಅಪ್ಪ ಕಣ್ಮುಚ್ಕೊಂಡೂ ಪಾಲಿಶ್ ಮಾಡ್ತಾರೆ ಕಣೆ, ಮಲಗೋಕೆ ಬಿಡು," ಎಂದು ಮಗ್ಗುಲಾದ.

ಅದು ಹೊಗಳಿಕೆಯ ಮಾತು. ಇಂದ್ರಾಣಿಗೆ ಅದರಿಂದಲೇ ಹೆದರಿಕೆಯಾಯಿತು.

ಮರಿಯಯ್ಯ ಬಿಳಿಗೆರೆ ಕಡೆಯವರು. ಮೀಸೆ ಚಿಗುರುವ ಮೊದಲೇ ನಂಜನಗೂಡಿನ ಒಂದು ಹಿತ್ತಾಳೆ ಪಾತ್ರೆ ಅಂಗಡಿಗೆ ಸೇರಿ, ಮೋಟಾರು ಇಲ್ಲದ ಕಾಲದಲ್ಲಿ ಉಜ್ಜುವ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಚಕ್ರದಾಚೆ ಕೂತು ಬಿಂದಿಗೆ ಬೆಳಗುತ್ತಿದ್ದ ಬೆಟ್ಟಯ್ಯ ಅವರ ಗುರು. ಕೆಲಸ ಮುಗಿಯಿತೋ ಇಲ್ಲವೋ ಎಂದು ಬೆಟ್ಟಯ್ಯ ತಾನಾಗಿ ತೀರ್ಮಾನ ಮಾಡುತ್ತಿರಲಿಲ್ಲವಂತೆ. ಬೀದಿಯಲ್ಲಿ ಆಡುವ ಯಾವುದಾದರೂ ಕೂಸನ್ನು ಕರೆದು ಬಿಂದಿಗೆಯನ್ನು ಅದರ ಮುಂದೆ ಹಿಡಿದು "ಯಾರು ಕಾಣ್ತಾರೆ?" ಎನ್ನುತ್ತಿದ್ದ. ಕೂಸು ತನ್ನ ಹೆಸರು ಹೇಳಿದರೆ ಕೆಲಸ ಮುಗಿಯಿತು. ಸುಮ್ಮನೆ ನಿಂತರೆ ಮತ್ತೆ ಚಕ್ರಕ್ಕೆ. "ದೊಡ್ಡೋರ್ಗೆ ಕಾಣ್ದಿದ್ರೂ ಕಾಣ್ತು ಅಂತಾರೆ ಕನ್ಲಾ. ಕೂಸು ಕಂಡದ್ದ ಏಳ್ತದೆ," ಎಂಬುದು ಬೆಟ್ಟಯ್ಯನ ಮಾತು.

ಹಿತ್ತಾಳೆ ಹೋಗಿ ಸ್ಟೀಲು ಬಂತು, ಪಾತ್ರೆ ಬೆಳಗಿಸುವವರು ಕಡಿಮೆಯಾದರು. ಮರಿಯಯ್ಯ ಲಾರಿಗಳ ಕಡೆ ತಿರುಗಿದರು. ಹೆಡ್‌ಲೈಟಿನ ರಿಂಗು, ಮುಂದಿನ ಜಾಲರಿ, ಬಾನೆಟ್ಟಿನ ಪಟ್ಟಿ, ಬಾಗಿಲ ಹಿಡಿ, ಲೋಹದ್ದು ಏನಿದ್ದರೂ ಸರಿ. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಮೋಟಾರು ಕೂರಿಸಿದರು. ಪರೀಕ್ಷೆ ಮಾತ್ರ ಗುರು ಕಲಿಸಿದ್ದೇ. ಸಿದ್ದು ಚಿಕ್ಕವನಿದ್ದಾಗ ಸಿದ್ದು, ಈಗ ಗೌತಮಿ. ಹೊಳಪಿನಲ್ಲಿ ಮುಖ ಕಂಡು "ಗೌತಮಿ!" ಎಂದು ಕೂಗಿದರೆ ತಾತ ಪಂಚೆಯ ಮಡಿಕೆಯಿಂದ ಒಂದು ಚೂರು ಬೆಲ್ಲ ತೆಗೆದು ಅವಳ ಬಾಯಿಗಿಡುತ್ತಿದ್ದರು. ಬೆಲ್ಲ ಅವರೇ ಸೇರಿಸಿದ್ದು. ಗುರುವಿನ ಕಾಲದಲ್ಲಿ ಇರಲಿಲ್ಲ.

ಆ ವರ್ಷ ಅವರ ಕೈಗೆ ಬಂದದ್ದು ಟಿ. ನರಸೀಪುರದ ಅಕ್ಕಿ ಗಿರಣಿಯ ಸಾಹುಕಾರ ಚಿಕ್ಕಬಸಪ್ಪನವರ ಹಳೇ ಬೆಡ್‌ಫೋರ್ಡ್ ಲಾರಿಯ ಕೆಲಸ. ಮುಂದಕ್ಕೆ ಮೂತಿ ಚಾಚಿದ ಆ ಲಾರಿ ಅವರ ತಂದೆ ಕೊಂಡ ಮೊದಲನೆಯದು. ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುವಂತಾಗಿ ಗಿರಣಿಯ ಹಿಂದೆ ನಿಂತಿದ್ದದ್ದು ಎಂಜಿನ್ ರಿಪೇರಿಯಾಗಿ, ಹಸಿರು ಬಣ್ಣ ಬಳಿಸಿಕೊಂಡು ಎದ್ದು ನಿಂತಿತ್ತು. ಉಳಿದದ್ದು ಲೋಹದ ಅಲಂಕಾರವೊಂದೇ. ಆಯುಧಪೂಜೆಗೆ ಗಿರಣಿಯ ಮುಂದೆ ನಿಲ್ಲಿಸಬೇಕೆಂದು ಅವರ ಆಸೆ. ಬಿಚ್ಚಿದ ಸಾಮಾನುಗಳೆಲ್ಲ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದವು. ಲಾರಿ ಹೊಸದಾಗಿದ್ದಾಗ ಅದೇ ಪಟ್ಟಿಗಳನ್ನು ಉಜ್ಜಿದ್ದವರು ಮರಿಯಯ್ಯನೇ. ಚೀಲ ಬಿಚ್ಚಿದ ದಿನ ಅವರು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತ ಕೂತರು. ಕಣ್ಣು ಬೇರೆಲ್ಲೋ ಇತ್ತು. ಆಗಲೂ ಇಂದ್ರಾಣಿ ನೋಡಿದ್ದಳು.

ಮೊದಲು ಕಳಿಸಿದ್ದು ಹೆಡ್‌ಲೈಟಿನ ಎರಡು ರಿಂಗು. ಮುಂದಿನ ಭಾನುವಾರ ಚಿಕ್ಕಬಸಪ್ಪನವರೇ ಒಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ವಾಪಸು ಬಂದರು.

"ಏನ್ಲಾ ಮರಿಯಯ್ಯ, ಒಂದು ರಿಂಗ್ನ ಅರಮನೆ ಮಾಡಿ ಇನ್ನೊಂದ್ನ ಗುಡಿಸ್ಲು ಮಾಡಿದ್ದೀಯಲ್ಲ! ನಿನ್ನ ಮೊಮ್ಮಗಳು ಇದನ್ನೂ ಪಾಸ್ ಮಾಡುದ್ಲಾ?"

"ಮಾಡುದ್ಲಲ್ಲ ಸಾವ್ಕಾರ್ರೆ," ಎಂದರು ಮರಿಯಯ್ಯ ಗಾಬರಿಯಿಂದ. ರಿಂಗನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿದರು. ಅರ್ಧ ಸುತ್ತು ಕನ್ನಡಿ, ಉಳಿದರ್ಧ ಬೂದಿ ಬಣ್ಣ, ಸಂದಿನಲ್ಲಿ ಚಕ್ರಕ್ಕೆ ಹಚ್ಚುವ ಪಾಲಿಶ್ ಸೋಪು ಕಪ್ಪಗೆ ಒಣಗಿ ಕೂತಿತ್ತು. "ಕತ್ತಲಾಗಿತ್ತೇನೋ. ಮಾಡ್ಕೊಡ್ತೀನಿ ಬುಡಿ."

"ಮಾಡು ಮಾರಾಯ. ನಿನ್ ಬುಟ್ಟು ಯಾರ್ ಕೈಗೂ ಕೊಡಾಕಿಲ್ಲ ನಾನು," ಎಂದು ಚಿಕ್ಕಬಸಪ್ಪ ನೀರು ಮಜ್ಜಿಗೆ ಕುಡಿದು ಹೋದರು.

ಆ ಮಧ್ಯಾಹ್ನ ಚಪಾತಿ ಲಟ್ಟಿಸುತ್ತಿದ್ದ ಇಂದ್ರಾಣಿಗೆ ಏನೋ ಹೊಳೆಯಿತು. ಹಿಟ್ಟು ಮೆತ್ತಿದ ಮರದ ಮಣೆಯನ್ನೇ ಎತ್ತಿ ಮಗಳ ಮುಂದೆ ಹಿಡಿದು, "ಯಾರು ಕಾಣ್ತಾರೆ?" ಎಂದಳು.

"ಗೌತಮಿ!" ಎಂದು ಕೂಗಿ ಮಗು ಅಂಗೈ ಚಾಚಿತು. ಬೆಲ್ಲಕ್ಕೆ.

ಇಂದ್ರಾಣಿಗೆ ನಗು ಬಂತು. ನಗು ಮುಗಿಯುವ ಮೊದಲೇ ಒಲೆ ಆರಿಸಿದಳು. ಮಣೆ, ಮಗು ಎರಡನ್ನೂ ಎತ್ತಿಕೊಂಡು ಶೆಡ್ಡಿಗೆ ನಡೆದಳು.

"ಮಾವ, ಮೋಟಾರು ಆಫ್ ಮಾಡಿ. ಇಲ್ಲಿ ಕೇಳಿ." ಮಣೆಯನ್ನು ಮತ್ತೆ ಹಿಡಿದಳು. ಮಗು ಮತ್ತೆ ತನ್ನ ಹೆಸರು ಕೂಗಿತು.

"ಇನ್ನೇನವ್ವ, ಕಾಣ್ತಂತಲ್ಲ."

"ಮಾವ, ನಾನು ಹಿಡಿದಿರೋದು ಚಪಾತಿ ಮಣೆ."

ಮರಿಯಯ್ಯ ಮುಖವನ್ನು ಮುಂದಕ್ಕೆ ತಂದು ನೋಡಿದರು. ಕೈಯಿಟ್ಟು ಮುಟ್ಟಿದರು, ಬೆರಳಿಗೆ ಹಿಟ್ಟು ಅಂಟಿತು. ಆಮೇಲೆ ನಗಲು ಶುರುಮಾಡಿದವರು ಕೆಮ್ಮು ಬರುವ ತನಕ ನಕ್ಕರು. "ಕಳ್ಳಿ! ಬೆಲ್ಲ ತಿನ್ನಕೆ ತಾತುನ್ಗೇ ಟೋಪಿ ಆಕ್ಬುಟ್ಳಲ್ಲವ್ವ!" ನಗು ನಿಂತ ಮೇಲೆ ಅವರ ಮುಖ ತೀರ ಬಳಲಿತ್ತು.

"ಯಾವಾಗಿಂದ ಮಾವ?"

"ಸಂಕ್ರಾಂತಿ ಕಳೆದ್ಮೇಲೆ. ಕಣ್ಮುಂದೆ ಮಂಜು ಕಟ್ದಂಗದೆ. ಸೋಪಿನ ದೂಳು ಅಂದ್ಕಂಡು ಒರುಸ್ತಾನೇ ಇವ್ನಿ, ಓಯ್ತಾನೇ ಇಲ್ಲ. ಸದ್ದು ಕೇಳ್ಕಂಡು, ಬೆರಳಲ್ಲಿ ಸವರ್ಕಂಡು ಎಂಗೋ ಮಾಡ್ತಿದ್ದೆ. ಕೊನೇಗೆ ಕೂಸು ಅದೆಯಲ್ಲ, ಅದು ಏಳ್ತದೆ ಅಂತ ಧೈರ್ಯ."

"ಇವತ್ತೇ ಇವರಿಗೆ ಹೇಳ್ತೀನಿ. ಮೈಸೂರಿಗೆ ಹೋಗಿ ತೋರಿಸೋಣ."

"ಬ್ಯಾಡ ಕನವ್ವ, ನಿಂಗೆ ಕೈ ಮುಗೀತೀನಿ." ಅವರು ನಿಜಕ್ಕೂ ಕೈ ಎತ್ತಿದ್ದು ನೋಡಿ ಅವಳಿಗೆ ನಾಚಿಕೆಯಾಯಿತು. "ಪಾಲೀಸ್ ಮಾಡೋನ್ಗೆ ಕಣ್ಣಿಲ್ಲ ಅಂತ ಒಬ್ರ ಬಾಯಿಗೆ ಬಿದ್ರೆ ಸಾಕು, ನರಸೀಪುರದಿಂದ ಒಂದ್ ಬೋಲ್ಟೂ ನನ್ತಾವ ಬರಾಕಿಲ್ಲ. ಈ ಲಾರಿ ಒಂದು ಮುಗೀಲಿ. ಆಮೇಲೆ ಎಲ್ಗಾದ್ರೂ ಕರ್ಕಂಡೋಗು."

ಅವಳು ಒಪ್ಪಿದಳು, ಎರಡು ಷರತ್ತು ಹಾಕಿ. ಮಗು ಶೆಡ್ಡಿನ ಬಾಗಿಲು ದಾಟಬಾರದು. ಹೊಳಪು ನೋಡುವ ಕೆಲಸ ಇನ್ನು ಮೇಲೆ ತನ್ನದು.

ಆಮೇಲಿನ ದಿನಗಳು ಹೇಗೆ ಕಳೆದವೋ. ಬೆಳಿಗ್ಗೆ ಅಡುಗೆ, ಮಗುವಿನ ಸ್ನಾನ, ಆಮೇಲೆ ಶೆಡ್ಡಿನಲ್ಲಿ ಸ್ಟೂಲು ಹಾಕಿ ಕೂರುವುದು. "ಬಲಗಡೆ ಇನ್ನೂ ಮಸುಕು ಮಾವ." "ಈಗ?" "ಇನ್ನೊಂಚೂರು." ಕಪ್ಪು ಧೂಳು ತಲೆಗೂದಲಲ್ಲಿ, ಮೂಗಿನಲ್ಲಿ, ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡರೂ ದಿಂಬಿನ ಮೇಲೆ. ಹಿಂದೆ ಹೆದರಿಕೆ ಒಂದೇ ಇತ್ತು, ಈಗ ಮುಚ್ಚಿಟ್ಟ ಭಾರವೂ ಸೇರಿತು. ಗಂಡ "ಅಪ್ಪನ ಹತ್ರ ಕೆಲಸ ಕಲೀತಿದ್ದೀಯೇನೇ?" ಎಂದು ನಗೆಯಾಡಿದಾಗ ಹೇಳಿಬಿಡಬೇಕೆನಿಸುತ್ತಿತ್ತು. ಹೇಳಲು ಬೇಕಾದ ತ್ರಾಣವೂ ಇರುತ್ತಿರಲಿಲ್ಲ. ಆಯುಧಪೂಜೆ ಬರಲಿ, ಮುಗಿಯಲಿ ಎಂದು ದಿನ ನೂಕಿದಳು.

ಜಾಲರಿ ಮುಗಿಯಿತು, ಬಾಗಿಲ ಹಿಡಿಗಳು ಮುಗಿದವು. ಉಳಿದದ್ದು ಬಾನೆಟ್ಟಿನ ಎರಡು ಉದ್ದನೆಯ ಪಟ್ಟಿ. ಅವು ತೆಳ್ಳನೆಯವು, ಅಂಚನ್ನು ಚಕ್ರಕ್ಕೆ ಎದುರು ಕೊಟ್ಟರೆ ಚಕ್ರ ಕಿತ್ತುಕೊಂಡು ಎಸೆಯುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವರೂ ಮಾವನೇ.

ಅಂದು ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಅವಳು ಎದ್ದಳು. "ಮಾವ, ನಿಲ್ಲಿಸಿರಿ, ಬಂದೆ." ಅವರು ಹೂಂ ಎಂದರು. ಆದರೆ ಪಟ್ಟಿ ಕೈಯಲ್ಲಿತ್ತು, ಮೋಟಾರು ತಿರುಗುತ್ತಿತ್ತು, ಇಷ್ಟು ವರ್ಷದ ಅಭ್ಯಾಸ. ಹಾಲು ಇಳಿಸುವಷ್ಟರಲ್ಲಿ ಠಣ್ ಎಂದು ತಗಡಿಗೆ ಏನೋ ಬಡಿದ ಸದ್ದು, ಹಿಂದೆಯೇ ಮಗುವಿನ ಕೂಗು.

ಇಂದ್ರಾಣಿ ಓಡಿದಳು. ಮಗು ಶೆಡ್ಡಿನ ಹೊಸ್ತಿಲ ಒಳಗೆ ಕೂತಿತ್ತು. ಅವಳು ಅತ್ತ ಹೋದಾಗ ಇತ್ತಲಿಂದ ಅಜ್ಜಿಯ ಕಣ್ಣು ತಪ್ಪಿಸಿ ಬಂದಿತ್ತು. ಅದರ ತಲೆಯ ಮೇಲಿನ ತಗಡು ತೂತಾಗಿತ್ತು. ಪಟ್ಟಿ ಕುಡುಗೋಲಿನ ಹಾಗೆ ಬಾಗಿ ಅದರ ಕಾಲ ಪಕ್ಕದಲ್ಲೇ ಬಿದ್ದಿತ್ತು. ಮಗು ಅಳುತ್ತಿರಲಿಲ್ಲ. ಬಾಗಿ ಬಿದ್ದ ಪಟ್ಟಿಯಲ್ಲಿ ಮುಖ ನೋಡಿಕೊಂಡು "ಗೌತಮಿ! ಗೌತಮಿ!" ಎನ್ನುತ್ತ ತಾತನ ಕಡೆಗೆ ಅಂಗೈ ಚಾಚಿತ್ತು. ಆ ಸಲ ಅದು ಹೇಳಿದ್ದು ನಿಜ. ಮುಖ ಕಾಣುತ್ತಿತ್ತು.

"ಕೂಸು ಇಲ್ಲೇ ಅದಾ? ಏನಾಯ್ತವ್ವ, ಕೂಸಿಗೇನಾಯ್ತು?" ಮರಿಯಯ್ಯ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸುತ್ತಿದ್ದರು. ಮಗು ಎಲ್ಲಿದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಸದ್ದಿಗೆ ಎದ್ದು ಬಂದ ಸಿದ್ದು ಬಾಗಿಲಲ್ಲೇ ನಿಂತು ಅಪ್ಪನ ಕೈಗಳನ್ನು ನೋಡಿದ. ಯಾರೂ ಅವನಿಗೆ ವಿವರಿಸಬೇಕಾಗಲಿಲ್ಲ. ಹೋಗಿ ಮೋಟಾರು ಆರಿಸಿದ. ಪಾಪಮ್ಮ ಮೊಮ್ಮಗಳನ್ನು ಎದೆಗವಚಿಕೊಂಡು ಗಂಡನನ್ನು ಬೈಯಲು ಬಾಯಿ ತೆಗೆದವರು ಅಳತೊಡಗಿದರು.

"ಸಾಕು ಕನವ್ವ," ಎಂದರು ಮರಿಯಯ್ಯ, ನೆಲದ ಮೇಲೆ ಕೂತು. "ನಂಗೂ ಸಾಕಾಯ್ತು."

ಸಾಹುಕಾರರಿಗೆ ಏನು ಹೇಳುವುದೆಂಬ ಮಾತು ಬಂತು. ಆಯುಧಪೂಜೆ ಎದುರಿಗಿದೆ, ಆ ಪಟ್ಟಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. "ಜ್ವರ ಅನ್ನು," ಎಂದರು ಪಾಪಮ್ಮ ಕಣ್ಣೊರೆಸಿಕೊಂಡು. "ಮಲೇರಿಯಾ ಅನ್ನು. ಕಣ್ಣಿನ ಸುದ್ದಿ ಮಾತ್ರ ಎತ್ತಬ್ಯಾಡ." ಸಿದ್ದು ತಲೆ ತಗ್ಗಿಸಿದ. ಫೋನು ಮಾಡಿ ಒಪ್ಪವಾಗಿ ಮಾತಾಡುವುದು ಯಾವಾಗಲೂ ಇಂದ್ರಾಣಿಯ ಪಾಲಿಗೇ ಬರುವ ಕೆಲಸ.

"ಮಾವ, ಏನು ಹೇಳ್ಲಿ?"

ಅವರು ಬಾಗಿದ ಪಟ್ಟಿಯನ್ನು ತಡಕಿ ಎಳೆದು ತೊಡೆಯ ಮೇಲಿಟ್ಟುಕೊಂಡರು. ಕೊನೆಗೆ, "ನಿಂಗೆ ಕಂಡದ್ದ ಏಳವ್ವ," ಎಂದರು.

ಬೀದಿ ತುದಿಯ ನಿಂಗರಾಜುವಿನ ಅಂಗಡಿಯಲ್ಲಿ ಕಾಯಿನ್ ಫೋನಿತ್ತು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು ಹಾಕಿಕೊಂಡು ಹೋದಳು. ಎರಡು ಸಲ ನಂಬರು ಒತ್ತಿ, ಅತ್ತ ಗಂಟೆ ಬಡಿಯುವ ಮೊದಲೇ ಇಟ್ಟಳು. "ಲೈನ್ ಸಿಗ್ತಿಲ್ವೇನಕ್ಕ?" ಎಂದ ನಿಂಗರಾಜು. "ಸಿಗುತ್ತೆ," ಎಂದು ಮೂರನೆಯ ಸಲ ಒತ್ತಿದಳು.

ಅತ್ತ ಗಿರಣಿಯ ಸದ್ದು. ಅದರ ಮೇಲೆ ಚಿಕ್ಕಬಸಪ್ಪನವರ ಗಟ್ಟಿ ದನಿ. "ಯಾರು? ಜೋರಾಗಿ ಮಾತಾಡಿ!"

"ನಾನು ಸಾಹುಕಾರ್ರೇ, ನಂಜನಗೂಡಿಂದ. ಮರಿಯಯ್ಯನವರ ಸೊಸೆ." ಉಸಿರು ತೆಗೆದುಕೊಂಡಳು. "ನಿಮ್ಮ ಬಾನೆಟ್ ಪಟ್ಟಿ ಒಂದು ಬಗ್ಗಿಹೋಗಿದೆ. ಮಾವನವರಿಗೆ ಕಣ್ಣು ಕಾಣ್ತಿಲ್ಲ. ತುಂಬ ದಿನದಿಂದ. ನಾಳೆ ಮೈಸೂರಿಗೆ ಕರ್ಕೊಂಡು ಹೋಗ್ತಿದ್ದೀವಿ. ಲಾರಿ ಈ ಆಯುಧಪೂಜೆಗೆ ಆಗೋದಿಲ್ಲ."

ಅತ್ತ ಅವರು ಯಾರಿಗೋ "ಆಫ್ ಮಾಡ್ಲಾ ಅದ್ನ!" ಎಂದು ಕೂಗಿದ್ದು ಕೇಳಿಸಿತು. ಸದ್ದು ಇಳಿಯಿತು.

"ಯಾವ ಕಣ್ಣವ್ವ? ಎಡದ್ದಾ, ಬಲದ್ದಾ?"

"ಎರಡೂ ಸಾಹುಕಾರ್ರೇ."

"ಥೂ ಇವ್ನ. ಒಂದು ಮಾತು ಬಾಯಿಬಿಡಕೆ ಆಗ್ಲಿಲ್ವ ಇವನ್ಗೆ?" ದನಿ ಒರಟಾಗಿಯೇ ಇತ್ತು, ಆದರೆ ಫೋನು ಇಡಲಿಲ್ಲ. "ಪಟ್ಟಿ ಮನೆ ಆಳಾಗ್ಲಿ. ಯಾರ್ಗೂ ಏಟು ಗೀಟು ಬೀಳ್ಲಿಲ್ಲ ತಾನೆ?"

ಇಂದ್ರಾಣಿ ಹೆಗಲ ಮೇಲೆ ತಲೆಯಿಟ್ಟ ಮಗಳನ್ನು ನೋಡಿದಳು. ಇಲ್ಲ ಎನ್ನಲು ಹೋದವಳು ಅವಳನ್ನು ಇನ್ನಷ್ಟು ಹತ್ತಿರಕ್ಕೆ ಅವಚಿಕೊಂಡಳು. ಫೋನು ಇನ್ನೊಂದು ರೂಪಾಯಿ ಕೇಳಿ ಕುಯ್ ಎಂದಿತು. ಒಂದೇ ಕೈಯಲ್ಲಿ ಸೆರಗಿನ ಗಂಟು ಬಿಚ್ಚುತ್ತ, "ಇರಿ ಸಾಹುಕಾರ್ರೇ, ಇಡಬೇಡಿ. ಹೇಳ್ತೀನಿ," ಎಂದಳು.