ಅವ್ವನ ಹೆಸರಿನ ಡಬ್ಬಿ

ಬೀದಿ ನಲ್ಲಿಯಿಂದ ನೀರು ಹೊತ್ತು ಅಡುಗೆಮನೆಗೆ ಬಂದೆ. ಒಲೆಯ ಪಕ್ಕದಲ್ಲಿ ಅವ್ವನ ಸ್ಟೀಲ್ ಡಬ್ಬಿ ಕೂತಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅವಳದೇ ಹೆಸರು. ಮುಟ್ಟಿ ನೋಡಿದರೆ ಬಿಸಿಯಾಗಿತ್ತು!

ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ಎಷ್ಟು ಹುಡುಕಿದರೂ ಆ ಡಬ್ಬಿ ಸಿಕ್ಕಿರಲಿಲ್ಲ. ಅಂದು ದೀಪಾವಳಿ. ಸಾವಾದ ಮನೆಯೆಂದು ನಾವು ಬಾಣಲೆ ಇಟ್ಟಿರಲಿಲ್ಲ. ಆದರೂ ಡಬ್ಬಿಯಿಂದ ಕರ್ಚಿಕಾಯಿಯ ವಾಸನೆ ಬರುತ್ತಿತ್ತು. ಮನೆಯಲ್ಲಿ ನಾನೊಬ್ಬಳೇ. ಅಷ್ಟರಲ್ಲಿ ಹಿತ್ತಲಲ್ಲಿ ಬಳೆಗಳ ಸದ್ದಾಯಿತು. ‘ಅವ್ವಾ’ ಎನ್ನುತ್ತ ಆ ಕಡೆ ತಿರುಗಿದೆ. ಕೊಡ ಕೈಜಾರಿ ನೀರೆಲ್ಲ ಚೆಲ್ಲಿತು.

ಸದ್ದು ಕೇಳಿ ಪಕ್ಕದ ಮನೆಯ ಹುಲಿಗೆಮ್ಮತ್ತೆ ಹಿತ್ತಲ ಬಾಗಿಲಿಂದ ಓಡಿ ಬಂದಳು.

“ಹೆದರಬ್ಯಾಡವ್ವಾ, ನಾನು! ಪಂಚಮಿಗೆ ನಿಮ್ಮವ್ವ ಉಂಡಿ ಹಾಕಿ ಕಳಿಸಿದ್ದ ಡಬ್ಬಿ ನಮ್ಮನ್ಯಾಗ ಉಳಿದಿತ್ತು. ಖಾಲಿ ಡಬ್ಬಿ ಹೆಂಗ ಕೊಡ್ಲಿ? ಈ ವರ್ಷ ನೀವು ಬಾಣಲಿ ಇಡಂಗಿಲ್ಲ. ಅದಕ್ಕ ಬಿಸಿ ಬಿಸಿ ಕರ್ಚಿಕಾಯಿ ತುಂಬಿ ತಂದೀನಿ.”

ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡು ತಿಂಗಳಿಂದ ಬಾರದಿದ್ದ ಅಳು ಆಗ ಬಂತು.

ಇದು ತೊಂಬತ್ತೆಂಟರಲ್ಲಿ, ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ನಡೆದದ್ದು. ಮರುವರ್ಷದ ದೀಪಾವಳಿಗೆ ನಾನೇ ಕರ್ಚಿಕಾಯಿ ಕರಿದು, ಅದೇ ಡಬ್ಬಿಯಲ್ಲಿ ಅತ್ತೆಗೆ ಕೊಟ್ಟೆ. ಪಂಚಮಿಗೆ ಅದು ಉಂಡೆ ತುಂಬಿಕೊಂಡು ವಾಪಸ್ ಬಂತು. ಈಗಲೂ ಹಾಗೇ ಓಡಾಡುತ್ತಿದೆ. ಅದರ ಮೇಲೆ ಅವ್ವನ ಹೆಸರು ಕಂಡರೆ ನನಗೀಗ ಭಯವಿಲ್ಲ. ಡಬ್ಬಿ ಬಹಳ ದಿನ ನಮ್ಮ ಮನೆಯಲ್ಲೇ ಖಾಲಿ ಉಳಿದರೆ ಭಯವಾಗುತ್ತದೆ.