ಎರಡೂ ಒಂದೇ ಅಲ್ಲ

ಇಂದಿನ ಭೌತಶಾಸ್ತ್ರ ಹೇಳುವುದನ್ನೆಲ್ಲ ಬುದ್ಧ ಎಂದೋ ಹೇಳಿಬಿಟ್ಟಿದ್ದಾನೆ ಎಂದು ನಾನು ಭಾಷಣ ಮಾಡಬೇಕಿತ್ತು. ಮಾಡಲಿಲ್ಲ. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆಗ ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಕೆಲಸ ಕಾಯಂ ಅಲ್ಲ. ಪ್ರತಿ ವರ್ಷ ಪ್ರಾಂಶುಪಾಲರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬುದ್ಧ ಪೂರ್ಣಿಮೆಯ ಕಾರ್ಯಕ್ರಮಕ್ಕೆ ವಿಷಯ ಕೊಟ್ಟವರೂ ಅವರೇ.

“ಶೂನ್ಯವೂ ಕ್ವಾಂಟಮ್ಮೂ ಒಂದೇ ಅಂದ್ಬಿಡ್ರಿ ಮೇಡಂ. ಆಡಳಿತ ಮಂಡಳಿಯೋರೆಲ್ಲ ಬರ್ತಾರೆ. ಗಾಳಿ ಬಂದಾಗ ತೂರ್ಕೋಬೇಕು.”

ಆ ಭಾನುವಾರ ಮೊಳಕಾಲ್ಮೂರಿನ ಮನೆಗೆ ಹೋದೆ. ಅವ್ವ ರೇಷ್ಮೆ ಸೀರೆ ನೇಯುವವಳು. ಅಂದು ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿದಿತ್ತು. ಸೀರೆ ಕತ್ತರಿಸಿ ತೆಗೆದರೂ ನಮ್ಮಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ಗೇಣುದ್ದದ ತುದಿಯನ್ನು ಅಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಸೇರಿಸಬೇಕು. ಇದನ್ನು ಕೆಚ್ಚುವುದು ಎನ್ನುತ್ತೇವೆ. ಅವ್ವ ಎಳೆ ಜಾರದಿರಲೆಂದು ಬೂದಿ ಮುಟ್ಟಿದ ಬೆರಳಿನಲ್ಲಿ ಕೆಚ್ಚುತ್ತ ಕೂತಿದ್ದಳು.

“ಇದ್ರಾಗೆ ಅಜ್ಜಿ ಕಾಲದ ಎಳೆ ಐತಾ ಅವ್ವ?”

“ಅದೆಲ್ಲಿರ್ತೈತೆ? ಆದ್ರೆ ಅವತ್ತಿಂದ ಮಗ್ಗ ಬರಿದೂ ಆಗಿಲ್ಲ.”

ಹತ್ತು ಸಲ ಓದಿದರೂ ತಲೆಗೆ ಹತ್ತದ ಬುದ್ಧನ ಅನಾತ್ಮ ಆಗ ತಿಳಿಯಿತು. ಮೊದಲಿನಿಂದ ಬಂದ ಎಳೆ ಒಂದೂ ಉಳಿದಿಲ್ಲ, ಆದರೂ ನೇಯ್ಗೆ ನಿಂತಿಲ್ಲ. ‘ನಾನು’ ಎಂಬುದೂ ಹಾಗೆಯೇ ಎನ್ನುತ್ತಾನೆ ಬುದ್ಧ.

ವೇದಿಕೆಯಲ್ಲಿ ಈ ಮಗ್ಗದ ಮಾತನ್ನೇ ಹೇಳಿದೆ. ಪ್ರಾಂಶುಪಾಲರು ಖುಷಿಯಿಂದ ತಲೆಯಾಡಿಸಿದರು. ಎಲೆಕ್ಟ್ರಾನಿಗೂ ತನ್ನದೇ ಗುರುತಿಲ್ಲ, ಎರಡನ್ನು ಅದಲುಬದಲು ಮಾಡಿದರೆ ಯಾವುದು ಯಾವುದೆಂದು ಕೇಳುವಂತೆಯೇ ಇಲ್ಲ ಎಂದೆ. ಇನ್ನೂ ಜೋರಾಗಿ ಆಡಿಸಿದರು.

“ಹೋಲಿಕೆ ಇಲ್ಲಿಗೇ ಮುಗಿಯಿತು,” ಎಂದೆ. “ನಾವು ಭೌತಶಾಸ್ತ್ರದವರು ಅಳೆದು ನೋಡುತ್ತೇವೆ, ನಾಳೆ ತಪ್ಪೆಂದು ಕಂಡರೆ ಬಿಟ್ಟುಬಿಡುತ್ತೇವೆ. ಬುದ್ಧ ಎಲೆಕ್ಟ್ರಾನನ್ನು ಹುಡುಕಲಿಲ್ಲ. ಮನುಷ್ಯ ಯಾಕೆ ನೋಯುತ್ತಾನೆ ಎಂದು ಕೇಳಿದ. ಅವನಿಗೆ ನಮ್ಮ ಸರ್ಟಿಫಿಕೇಟ್ ಬೇಕಿಲ್ಲ, ನಮಗೆ ಅವನ ಆಶೀರ್ವಾದ ಬೇಕಿಲ್ಲ. ಎರಡೂ ಒಂದೇ ಎನ್ನುವವರು ಎರಡನ್ನೂ ಓದಿಲ್ಲ.”

ಚಪ್ಪಾಳೆ ಬೀಳಲಿಲ್ಲ. ಹೊಸ ವರ್ಷದ ವೇಳಾಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ.

ಊರಿಗೆ ಬಂದು ಮಗ್ಗದ ಪಕ್ಕ ಕೂತು ಅತ್ತೆ. ‘ನಾನು’ ಎಂಬ ಗಟ್ಟಿ ವಸ್ತುವೇ ಇಲ್ಲ ಎಂದು ಸಭೆಗೆಲ್ಲ ಹೇಳಿ ಬಂದವಳಿಗೆ ಪೆಟ್ಟು ಬಿದ್ದದ್ದು ಸರಿಯಾಗಿ ಅಲ್ಲಿಗೇ.

“ನೀನು ಹೇಳಿದ್ದು ಸುಳ್ಳಾ?” ಅವ್ವ ಕೈ ನಿಲ್ಲಿಸದೆ ಕೇಳಿದಳು.

“ಅಲ್ಲ.”

“ಮತ್ಯಾಕೆ ಅಳ್ತೀಯ?”

“ನೋವಾಗ್ತೈತೆ.”

ಹೇಳಿದ ಮೇಲೆ ನನಗೇ ನಗು ಬಂತು. ಕೆಲಸ ಹೋಯಿತೆಂದು ಯಾವ ಎಲೆಕ್ಟ್ರಾನೂ ಅತ್ತಿಲ್ಲ. ನನ್ನ ಭಾಷಣಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು? ಮೂಗು ಒರೆಸಿಕೊಂಡು ಇನ್ನೊಂದು ಕಾಲೇಜಿಗೆ ಅರ್ಜಿ ಬರೆಯಲು ಕೂತೆ. ಅನುಭವ ಎಂಬಲ್ಲಿ ಆ ಭಾಷಣವನ್ನೂ ಸೇರಿಸಿದೆ, ಶೀರ್ಷಿಕೆ ಸಮೇತ: ಎರಡೂ ಒಂದೇ ಅಲ್ಲ.